ಹೊರಗಿನವಳಿಗೆ ಸಿಕ್ಕ ನೆಲ

2017ರ ಜೂನ್ ತಿಂಗಳಲ್ಲಿ ನನ್ನ ಮಾವನವರು ಫೋನ್ ಮಾಡಿ, ಒಂದು ಮಾತಿದೆ, ಇಬ್ಬರೂ ಬನ್ನಿ, ಬರಿಗೈಯಲ್ಲಿ ಬರಬೇಡಿ ಎಂದರು. ಆಗ ಅವರ ಊರಿನಿಂದ ಫೋನ್ ಮಾಡಬೇಕೆಂದರೆ ಮನೆಯ ಹಿಂದಿನ ದಿಣ್ಣೆ ಹತ್ತಿ, ಹಲಸಿನ ಮರದ ಬುಡದಲ್ಲಿ ಒಂದೇ ಜಾಗದಲ್ಲಿ ನಿಂತು ಮಾತಾಡಬೇಕಿತ್ತು. ಎರಡು ಹೆಜ್ಜೆ ಅತ್ತಿತ್ತ ಸರಿದರೂ ಧ್ವನಿ ಕಡಿದುಹೋಗುತ್ತಿತ್ತು. ಎಪ್ಪತ್ತು ದಾಟಿದ ಹಿರಿಯರು ಅಷ್ಟು ಎತ್ತರ ಹತ್ತಿ ಬಂದು ಹೇಳಿದ್ದು ಅಷ್ಟೇ ಮಾತು.

ನಾವಿಬ್ಬರೂ ಆಗ ಬಾಲಿ ದ್ವೀಪದ ದೆನ್ಪಸಾರ್‌ನಲ್ಲಿದ್ದೆವು. ನಾನು ಹೋಟೆಲೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ, ನನ್ನ ಹೆಂಡತಿ ನರ್ಸ್. ನನ್ನ ಊರು ಬಂಟ್ವಾಳ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. ಅವಳದು ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಪಶ್ಚಿಮ ಭಾಗದಲ್ಲಿರುವ ಮಂಗರಾಯ್ ಸೀಮೆಯ ಬೆಟ್ಟದೂರು. ಇಬ್ಬರೂ ಕ್ಯಾಥೊಲಿಕರಾದ್ದರಿಂದ 2014ರಲ್ಲಿ ರುತೆಂಗ್ ಪಟ್ಟಣದ ಚರ್ಚಿನಲ್ಲಿ ಮದುವೆಯಾಗಲು ಅಡ್ಡಿಯೇನೂ ಬರಲಿಲ್ಲ. ಆದರೆ ಮದುವೆಯಾದ ದಿನದಿಂದ ಅವಳು ತನ್ನ ತವರಿಗೆ ‘ಅತಾ ಪೆಯಾಂಗ್’ ಆಗಿಬಿಟ್ಟಳು, ಅಂದರೆ ಹೊರಗಿನವಳು. ಗಂಡುಮಕ್ಕಳು ‘ಅತಾ ಒನೆ’, ಒಳಗಿನವರು. ಮಂಗರಾಯ್ ಪದ್ಧತಿಯಲ್ಲಿ ಭೂಮಿ ಒಳಗಿನವರಿಗೆ ಸಲ್ಲುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಪದ್ಧತಿಯೊಳಗೇ ಒಂದು ಕಿಂಡಿಯಿದೆ ಎಂಬುದು ನನಗೆ ತಿಳಿದದ್ದು ಮಾವನವರ ಫೋನು ಬಂದ ರಾತ್ರಿ. ಹೆಣ್ಣುಮಗಳು ಬಾಳಿಕೊಳ್ಳಲಿ ಎಂದು ತಂದೆ ತಾಯಿ ಮತ್ತು ಅಣ್ಣತಮ್ಮಂದಿರು ಒಮ್ಮತದಿಂದ ಒಂದು ತುಂಡು ನೆಲವನ್ನು ಉಡುಗೊರೆಯಾಗಿ ಕೊಡಬಹುದು. ಅದಕ್ಕೆ ‘ವಿದಂಗ್’ ಎಂದು ಹೆಸರು. ನಮ್ಮ ಕಡೆ ಅರಿಶಿನ ಕುಂಕುಮಕ್ಕೆಂದು ಮಗಳಿಗೆ ಹೊಲ ಬರೆದುಕೊಡುವಂತೆಯೇ ಇದು. ಮಾವನವರು ಬರಿಗೈಯಲ್ಲಿ ಬರಬೇಡಿ ಎಂದದ್ದನ್ನು ಕೇಳಿ ಹೆಂಡತಿ ಫೋನನ್ನು ಮಂಚದ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಕೋಳಿಯೂ ಕಳ್ಳೂ ಬೇಕಾದ ಮಾತೆಂದರೆ ಅದು ನೆಲದ ಮಾತೇ ಇರಬೇಕು ಎಂದು ಆಮೇಲೆ ಹೇಳಿದಳು.

ಆ ಊರನ್ನು ತಲುಪುವುದು ಒಂದು ದಿನದ ಕೆಲಸವಲ್ಲ. ದೆನ್ಪಸಾರ್‌ನಿಂದ ಲಬುವಾನ್ ಬಾಜೊಗೆ ವಿಮಾನದಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ ಹೊತ್ತು. ಕೊಮೊಡೊ ಹಲ್ಲಿಗಳನ್ನು ನೋಡಲು ಬರುವ ಪ್ರವಾಸಿಗರೆಲ್ಲ ಅಲ್ಲೇ ಇಳಿದು ದೋಣಿ ಹತ್ತುತ್ತಾರೆ. ನಾವು ಅವರಿಗೆ ಬೆನ್ನು ಮಾಡಿ ಪೂರ್ವಕ್ಕೆ ಹೊರಟೆವು. ಫ್ಲೋರೆಸ್‌ನ ಉದ್ದಕ್ಕೂ ಹಾಯುವ ಹೆದ್ದಾರಿ ಇರುವುದು ಒಂದೇ, ಅದರಲ್ಲಿ ನೇರವಾದ ತುಂಡೊಂದು ಸಿಕ್ಕರೆ ಚಾಲಕನೂ ಒಮ್ಮೆ ಉಸಿರು ಬಿಡುತ್ತಾನೆ. ಲಬುವಾನ್ ಬಾಜೊದಿಂದ ರುತೆಂಗ್ ಸುಮಾರು 130 ಕಿಲೋಮೀಟರ್, ಆದರೆ ನಾಲ್ಕು ತಾಸು ಬೇಕು. ಆಗುಂಬೆ ಘಾಟಿಯನ್ನು ಮತ್ತೆ ಮತ್ತೆ ಹತ್ತಿಳಿದಂತೆ ಆಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿರುವ ರುತೆಂಗ್‌ನಲ್ಲಿ ಸಂಜೆಯಾದರೆ ಜನ ಕಪ್ಪು ಬಟ್ಟೆಯ ಮೇಲೆ ಬಣ್ಣದ ಕಸೂತಿಯಿರುವ ಸೊಂಗ್ಕೆ ಪಂಚೆಯನ್ನು ಹೆಗಲವರೆಗೂ ಹೊದ್ದುಕೊಂಡು ಓಡಾಡುತ್ತಾರೆ. ಅಲ್ಲಿ ಒಂದು ರಾತ್ರಿ ಉಳಿದು, ಎಳ್ಳು ಮೆತ್ತಿದ ಕೊಂಪಿಯಾಂಗ್ ಬನ್ನುಗಳನ್ನು ಅತ್ತೆಗಾಗಿ ಕಟ್ಟಿಸಿಕೊಂಡು, ಮರುದಿನ ದಕ್ಷಿಣಕ್ಕೆ, ಸಾವು ಸಮುದ್ರದ ಕಡೆಗೆ ಇಳಿಯುವ ದಾರಿ ಹಿಡಿದೆವು.

ಆ ದಾರಿಯಲ್ಲಿ ಓಡುವುದು ‘ಒತೊ ಕೊಲ್’. ಲಾರಿಯ ಹಿಂಭಾಗಕ್ಕೆ ಮರದ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ, ಮೇಲೊಂದು ಸೂರು ಹಾಕಿ ಮಾಡಿದ ಬಸ್ಸು ಅದು. ಹಲಗೆಗೆ ಆರು ಮಂದಿ, ಕಾಲ ಬಳಿ ಸಿಮೆಂಟು, ಅಕ್ಕಿ, ಕಟ್ಟಿಹಾಕಿದ ಹಂದಿಮರಿ, ಮೇಲಿನ ಸೂರಿನಲ್ಲಿ ಕಾಫಿ ಮೂಟೆ ಮತ್ತು ಶಾಲೆಯ ಹುಡುಗರು. ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತುತ್ತಾರೆ. ಹಳ್ಳಿಗಳಿಗೆ ನೇರವಾಗಿ ಸರ್ಕಾರದ ಹಣ ಬರತೊಡಗಿದ ಮೇಲೆ ಕಡಿದಾದ ಏರುಗಳಿಗೆ ಎರಡು ಪಟ್ಟಿ ಕಾಂಕ್ರೀಟು ಬಿದ್ದಿದೆ, ನಡುವಿನ ಭಾಗವೆಲ್ಲ ಕಲ್ಲು ಹೊಡೆದ ದಾರಿ. ಕೊನೆಯ ಮೂರು ಕಿಲೋಮೀಟರ್ ನಾವು ನಡೆದೆವು. ನಮ್ಮ ಮಗಳಿಗೆ ಆಗ ಎರಡು ವರ್ಷ, ಸೋದರಮಾವ ಎದುರು ಬಂದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡ.

ಮರುದಿನ ಸಂಜೆ ಮಾವನವರ ಮನೆಯಲ್ಲಿ ‘ಲೊಂತೊ ಲೆಯೊಕ್’ ಕೂಡಿತು. ಸುತ್ತಲೂ ಕುಳಿತು ಮಾತಾಡುವುದು ಎಂದಷ್ಟೇ ಆ ಪದದ ಅರ್ಥ, ಆದರೆ ಆ ಊರಿನಲ್ಲಿ ಅಲ್ಲಿ ನಡೆಯದ ಮಾತು ಎಲ್ಲಿಯೂ ನಿಲ್ಲುವುದಿಲ್ಲ. ಚಾಪೆಗಳ ಮೇಲೆ ಗೋಡೆಗೆ ಬೆನ್ನು ಮಾಡಿ ಹಿರಿಯರು ಕುಳಿತರು. ಊರಿನ ಹಿರಿಯ ‘ತುವಾ ಗೋಲೊ’, ಸಾಮುದಾಯಿಕ ಭೂಮಿಯನ್ನು ಹಂಚುವ ಅಧಿಕಾರವುಳ್ಳ ‘ತುವಾ ತೆನೊ’, ಹೆಂಡತಿಯ ಮೂವರು ಅಣ್ಣಂದಿರು, ದೊಡ್ಡಪ್ಪನ ಮಕ್ಕಳು, ಗ್ರಾಮದ ಮುಖ್ಯಸ್ಥ, ಎಲ್ಲರೂ ಬಂದಿದ್ದರು. ಹೆಣ್ಣು ಕೊಟ್ಟವರು ‘ಅನಾಕ್ ರೊನಾ’, ತಂದವರು ‘ಅನಾಕ್ ವಿನಾ’. ತಂದವನಾದ ನಾನು ಕೆಳಗಿನ ಸ್ಥಾನದವನು, ಬಾಗಿಲ ಬಳಿ ಕುಳಿತೆ. ನನ್ನ ಪರವಾಗಿ ಮಾತಾಡಲು ಊರಿನವರೇ ಒಬ್ಬರು ಹಿರಿಯರನ್ನು ಗೊತ್ತು ಮಾಡಲಾಗಿತ್ತು, ಏಕೆಂದರೆ ಅಲ್ಲಿ ಆಡಬೇಕಾದ ಮಾತು ದಿನಬಳಕೆಯ ಮಾತಲ್ಲ, ಜೋಡಿ ಜೋಡಿಯಾಗಿ ಪ್ರಾಸ ಕೂಡಿ ಬರುವ ಹಳೆಯ ನುಡಿ. ಅವರು ಒಂದು ಬಿಳಿ ಹುಂಜವನ್ನು ಎರಡೂ ಕೈಯಲ್ಲಿ ಹಿಡಿದು, ತಾಳೆಯ ಕಳ್ಳಿನ ಬದಲಿಗೆ ಇಟ್ಟ ಬಿಯರ್ ಬಾಟಲಿಯ ಕೆಳಗೆ ಒಂದಿಷ್ಟು ಹಣ ಸರಿಸಿ, ಅರ್ಧ ತಾಸು ಮಾತಾಡಿದರು. ಆ ಮಾತಿನಲ್ಲಿ ನನಗೆ ಅರ್ಥವಾದ ಒಂದೇ ಪದ ‘ಅಮಾಂಗ್’.

ಆ ಒಂದು ಪದ ಸಾಕಿತ್ತು. ಅಮಾಂಗ್ ಎಂದರೆ ತಾಯಿಯ ಅಣ್ಣ ತಮ್ಮನೂ ಹೌದು, ಹೆಂಡತಿಯ ತಂದೆಯೂ ಹೌದು, ನಾವು ಎರಡಕ್ಕೂ ಮಾವ ಎನ್ನುವಂತೆಯೇ. ಸೋದರಮಾವನ ಮಗಳನ್ನು ತರುವ ಪದ್ಧತಿ ಎರಡೂ ಕಡೆ ಇದ್ದದ್ದರಿಂದ ಹೀಗಾಗಿದೆ ಎಂದು ನಾನು ಹಿಂದೊಮ್ಮೆ ಮಾವನವರಿಗೆ ವಿವರಿಸಿದ್ದೆ. ಸಮುದ್ರದಾಚೆ ಇಷ್ಟು ದೂರದ ಜನಕ್ಕೆ ತಮ್ಮ ನಂಟಿನ ಲೆಕ್ಕ ಗೊತ್ತಿದೆ ಎಂಬುದು ಅವರ ಮನಸ್ಸಿನಲ್ಲಿ ಉಳಿದಿತ್ತು. ಆ ರಾತ್ರಿ ಅಣ್ಣಂದಿರಲ್ಲಿ ಒಬ್ಬರು, ಪರದೇಶದವನ ಹೆಂಡತಿಗೆ ನೆಲ ಕೊಟ್ಟರೆ ಅದು ಪರದೇಶದವನ ಪಾಲಾಗುವುದಿಲ್ಲವೇ ಎಂದು ನೇರವಾಗಿ ಕೇಳಿದಾಗ, ಮಾವನವರು ಮೊದಲು ಹೇಳಿದ್ದು ಅದನ್ನೇ. ಆದರೂ ಪ್ರಶ್ನೆ ನ್ಯಾಯವಾದದ್ದು. ಲಬುವಾನ್ ಬಾಜೊ ಸುತ್ತಿನ ಕಡಲತೀರದ ಭೂಮಿ ಹೊರಗಿನವರ ಕೈಸೇರಿದ್ದನ್ನು ಆ ಬೆಟ್ಟದ ಜನ ಕಣ್ಣಾರೆ ಕಂಡವರು. ಕೊನೆಗೆ ಮಾತು ಹೀಗೆ ನಿಂತಿತು: ನೆಲ ಅವಳದು, ಅವಳ ಮಕ್ಕಳದು; ಮಾರುವ ಕಾಲ ಬಂದರೆ ಮೊದಲು ಅಣ್ಣಂದಿರ ಮನೆಗೆ ಬಂದು ಕೇಳಬೇಕು; ನನ್ನ ಹೆಸರು ಅದರ ಮೇಲೆ ಎಂದೂ ಬರಕೂಡದು. ನಾನು ಒಪ್ಪಿದೆ. ಬಾಯಿಮಾತಿಗೆ ಒಪ್ಪಿದ್ದಲ್ಲ, ಆ ಕರಾರು ನನಗೆ ಸರಿಯೆಂದೇ ಕಂಡಿತ್ತು. ಹುಂಜವನ್ನು ಕೊಯ್ದು, ಅದರ ಕರುಳಿನ ಗೆರೆಗಳನ್ನು ದೀಪಕ್ಕೆ ಹಿಡಿದು ನೋಡಿದ ಹಿರಿಯರು ತಲೆಯಾಡಿಸಿದ ಮೇಲೆ ಕಾಫಿ ಬಂತು.

ಮರುದಿನ ಬೆಳಿಗ್ಗೆ ತುವಾ ತೆನೊ ನಮ್ಮನ್ನು ಜಾಗಕ್ಕೆ ಕರೆದೊಯ್ದರು. ಮಂಗರಾಯ್ ಭೂಮಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದರ ಆಕಾರವನ್ನು ನೋಡಬೇಕು. ಊರಿನ ಸಾಮುದಾಯಿಕ ಹೊಲಕ್ಕೆ ‘ಲಿಂಗ್ಕೊ’ ಎಂದು ಹೆಸರು. ಅದು ದುಂಡಗಿರುತ್ತದೆ. ನಟ್ಟನಡುವೆ ‘ಲೊದೊಕ್’ ಎಂಬ ಬಿಂದು, ಅಲ್ಲಿ ಒಂದು ಮರದ ಗೂಟ. ಆ ಗೂಟದ ಸುತ್ತ ತುವಾ ತೆನೊ ಬೆರಳಿನಿಂದ ಅಳೆದು ಗುರುತು ಹಾಕುತ್ತಾರೆ, ಒಂದೊಂದು ಮನೆಗೆ ಇಷ್ಟಿಷ್ಟು ಬೆರಳು. ಆ ಗುರುತಿನಿಂದ ಹೊರಟ ಗೆರೆಗಳು ಹೊರಸುತ್ತಿನವರೆಗೆ ಚಾಚಿಕೊಳ್ಳುತ್ತವೆ. ಪಾಲಿಗೆ ‘ಮೊಸೊ’ ಎನ್ನುತ್ತಾರೆ, ಆ ಪದಕ್ಕೆ ಬೆರಳೆಂದೇ ಅರ್ಥ. ನಡುವಿನಲ್ಲಿ ಒಂದು ಬೆರಳಿನ ಅಗಲ ಹೆಚ್ಚಾದರೆ ಹೊರ ಅಂಚಿನಲ್ಲಿ ಒಂದು ಮನೆ ಕಟ್ಟುವಷ್ಟು ಜಾಗ ಹೆಚ್ಚಾಗುತ್ತದೆ. ರುತೆಂಗ್ ಹತ್ತಿರದ ಚಂಚಾರ್‌ನಲ್ಲಿ ಗುಡ್ಡದ ಮೇಲೆ ನಿಂತರೆ ಇಂಥ ಗದ್ದೆಗಳು ಜೇಡರ ಬಲೆಯ ಹಾಗೆ ಹರಡಿಕೊಂಡಿರುವುದು ಕಾಣುತ್ತದೆ. ನಮಗೆ ಸಿಕ್ಕದ್ದು ಗದ್ದೆಯಲ್ಲ, ಹಳೆಯ ಖುಷ್ಕಿ ಲಿಂಗ್ಕೊವೊಂದರಲ್ಲಿ ಮಾವನವರ ಪಾಲಿನ ಕೆಳಗಿನ ತುಂಡು. ಅರ್ಧ ಎಕರೆಗೆ ಸ್ವಲ್ಪ ಕಡಿಮೆ. ಅದರಲ್ಲಿ ಕಾಫಿ, ಎಣ್ಣೆಯ ಬೀಜ ಬಿಡುವ ಕೆಲವು ಕೆಮಿರಿ ಮರ, ಒಂದು ಲವಂಗದ ಮರ. ಮೇಲ್ಗಡೆ ಕಿರಿದಾಗಿ ಕೆಳಗೆ ಅಗಲವಾಗುವ ಆ ನೆಲದಲ್ಲಿ ನಿಂತು ಹೆಂಡತಿ ತನ್ನ ಊರಿನವರೆಲ್ಲ ಹೇಳುವ ನುಡಿಯೊಂದನ್ನು ಹೇಳಿದಳು: ‘ಗೆಂದಾಂಗ್ ಒನೆ, ಲಿಂಗ್ಕೊ ಪೆಯಾಂಗ್.’ ಒಳಗೆ ನಗಾರಿಯ ಮನೆ, ಹೊರಗೆ ಹೊಲ. ಎರಡೂ ಸೇರಿದರೇ ಊರು. ಹೊಲವನ್ನೂ ಪೆಯಾಂಗ್ ಎನ್ನುತ್ತಾರೆ, ನನ್ನನ್ನೂ ಪೆಯಾಂಗ್ ಎನ್ನುತ್ತಾರೆ ಎಂದು ಹೇಳಿ ಅವಳು ಅತ್ತಳು.

ಊರಿನ ಮಟ್ಟಿಗೆ ವಿದಂಗ್ ಅಲ್ಲಿಗೆ ಮುಗಿದಿತ್ತು. ಸರ್ಕಾರದ ಮಟ್ಟಿಗೆ ಇನ್ನೂ ಶುರುವಾಗಿರಲಿಲ್ಲ. ಪತ್ರವಿಲ್ಲದ ನೆಲಕ್ಕೆ ಪತ್ರ ಮಾಡಿಸುವುದು ಎಷ್ಟು ನಿಧಾನದ ಕೆಲಸವೆಂದು ಪೋಡಿಗಾಗಿ ನನ್ನ ತಂದೆ ತಾಲ್ಲೂಕು ಕಚೇರಿಗೆ ಅಲೆದದ್ದನ್ನು ನೋಡಿದ್ದ ನನಗೆ ತಿಳಿದಿತ್ತು. ಇಲ್ಲಿ ಅದರ ಜೊತೆಗೆ ನಾನು ವಿದೇಶಿಯೆಂಬ ತೊಡಕೂ ಇತ್ತು. ಇಂಡೋನೇಷ್ಯಾದ 1960ರ ಮೂಲ ಭೂಕಾಯ್ದೆಯ ಪ್ರಕಾರ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ಆ ದೇಶದ ಪ್ರಜೆಗಳಿಗೆ ಮಾತ್ರ. ವಿವಾಹದ ಜಂಟಿ ಆಸ್ತಿಯಾಗಿ ಅಂಥ ಒಡೆತನ ವಿದೇಶಿಯ ಪಾಲಿಗೆ ಬಂದರೆ ಅವನು ಒಂದು ವರ್ಷದೊಳಗೆ ಅದನ್ನು ಬಿಟ್ಟುಕೊಡಬೇಕು. 1974ರ ವಿವಾಹ ಕಾಯ್ದೆಯ ಪ್ರಕಾರ ಮದುವೆಯ ನಂತರ ಗಳಿಸಿದ್ದೆಲ್ಲ ಜಂಟಿ ಆಸ್ತಿ. ಇದನ್ನು ತಪ್ಪಿಸಿಕೊಳ್ಳಲು ಮದುವೆಗೆ ಮುಂಚೆಯೇ ಆಸ್ತಿ ಬೇರೆ ಬೇರೆ ಎಂದು ಕರಾರು ಮಾಡಿಕೊಳ್ಳಬೇಕಿತ್ತು, ನಾವು ಮಾಡಿಕೊಂಡಿರಲಿಲ್ಲ. ವಿದೇಶಿಯರನ್ನು ಮದುವೆಯಾದ ಎಷ್ಟೋ ಹೆಣ್ಣುಮಕ್ಕಳು ತಮ್ಮದೇ ದೇಶದಲ್ಲಿ ತಮ್ಮ ಹೆಸರಿಗೆ ಒಂದು ಮನೆ ಕೊಳ್ಳಲಾಗದೆ ಉಳಿದದ್ದು ಇದೇ ಕಾರಣಕ್ಕೆ. ಜಪಾನಿನವರನ್ನು ಮದುವೆಯಾಗಿದ್ದ ಇಕೆ ಫರಿದಾ ಎಂಬ ಮಹಿಳೆ ಇದನ್ನು ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2016ರ ಅಕ್ಟೋಬರ್ 27ರಂದು ಬಂದ ತೀರ್ಪು, ಮದುವೆಯ ನಂತರವೂ ಅಂಥ ಕರಾರು ಮಾಡಿಕೊಳ್ಳಬಹುದು ಎಂದಿತು. ಅದು ಬಂದು ಎಂಟು ತಿಂಗಳಾಗಿರಲಿಲ್ಲ, ನಮಗೆ ಆ ಫೋನು ಬಂತು. ಆ ಹೆಣ್ಣುಮಗಳನ್ನು ನಾನು ಕಂಡಿಲ್ಲ, ಆದರೆ ನಮ್ಮ ಮನೆಯಲ್ಲಿ ಅವರ ಹೆಸರನ್ನು ಕೃತಜ್ಞತೆಯಿಂದ ಹೇಳುತ್ತೇವೆ.

ಉಡುಗೊರೆಯಾಗಿ ಬಂದದ್ದು ಪಡೆದವರ ಸ್ವಂತಕ್ಕೇ ಸೇರುತ್ತದೆ ಎಂದು ವಿವಾಹ ಕಾಯ್ದೆಯೇ ಹೇಳುತ್ತದೆ, ಆದ್ದರಿಂದ ನೆಲಕ್ಕೆ ಅಪಾಯ ಕಡಿಮೆ ಎಂದು ದೆನ್ಪಸಾರ್‌ನ ನೋಟರಿ ವಿವರಿಸಿದರು. ಆದರೆ ಅದರ ಮೇಲೆ ನಾಳೆ ಇಬ್ಬರ ಸಂಬಳದಿಂದ ಮನೆ ಕಟ್ಟುತ್ತೀರಿ, ಆಗ ಗೋಜಲಾಗುತ್ತದೆ, ಈಗಲೇ ಬರೆಸಿಬಿಡಿ ಎಂದರು. ಬರೆಸಿದೆವು. ಅದನ್ನು ನಾಗರಿಕ ನೋಂದಣಿ ಕಚೇರಿಯಲ್ಲಿ ದಾಖಲಿಸಿದೆವು. ಅದೇ ದಿನಗಳಲ್ಲಿ ಪರಿಚಿತರೊಬ್ಬರು, ಇಷ್ಟೆಲ್ಲ ಯಾಕೆ, ಸ್ಥಳೀಯ ಒಬ್ಬನ ಹೆಸರಿನಲ್ಲಿ ಕಡಲತೀರದ ಜಾಗ ತೆಗೆದು ಒಳಗೊಳಗೆ ಒಪ್ಪಂದ ಮಾಡಿಕೊಳ್ಳಬಹುದಲ್ಲ ಎಂದು ನನ್ನನ್ನು ಒತ್ತಾಯಿಸಿದ್ದರು. ಈ ದಾರಿಗೆ ಬೀಳುವವರು ಅದೇ 1960ರ ಕಾಯ್ದೆಯ 26ನೇ ಕಲಮನ್ನು ಓದಬೇಕು. ವಿದೇಶಿಗೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಒಡೆತನ ದಾಟಿಸುವ ಒಪ್ಪಂದ ಅಸಿಂಧು, ನೆಲ ಸರ್ಕಾರಕ್ಕೆ, ಕೊಟ್ಟ ಹಣ ಮರಳಿ ಕೇಳುವ ಹಕ್ಕೂ ಇಲ್ಲ. ಕಾನೂನಿನ ಮಾತು ಹಾಗಿರಲಿ, ಆ ವೃತ್ತದಲ್ಲಿ ಕುಳಿತು ಬಂದ ಮೇಲೆ ನನಗೆ ಅಂಥದೊಂದು ಕೆಲಸ ಮಾಡುವ ಮನಸ್ಸು ಬರಲು ಸಾಧ್ಯವೇ ಇರಲಿಲ್ಲ.

ಊರಿನಲ್ಲಿ ಆಗಬೇಕಾದ ಕಾಗದಪತ್ರ ಬೇರೆಯದೇ ಜಾತಿಯದು. ಈ ನೆಲವನ್ನು ಇಷ್ಟು ವರ್ಷಗಳಿಂದ ಯಾರು ಉಳುತ್ತಿದ್ದಾರೆ ಎಂಬ ಹೇಳಿಕೆ, ದಾನಪತ್ರ, ಅಣ್ಣಂದಿರ ಒಪ್ಪಿಗೆ, ತುವಾ ಗೋಲೊ ಮತ್ತು ಗ್ರಾಮ ಮುಖ್ಯಸ್ಥರ ಸಹಿ. ಆ ಕಾಗದಗಳನ್ನು ಓದುವಾಗ ನನಗೆ ಒಂದು ಆಪ್ತತೆ ಹುಟ್ಟಿತು. ಸಾಕ್ಷಿಗೆ ಅಲ್ಲಿ ‘ಸಕ್ಸಿ’, ಭೂಮಿಗೆ ‘ಬುಮಿ’, ಆಸ್ತಿಗೆ ‘ಹರ್ತಾ’ ಎಂದರೆ ನಮ್ಮ ಅರ್ಥ, ಹಳ್ಳಿಗೆ ‘ದೇಸಾ’, ಗಂಡನಿಗೆ ‘ಸುವಾಮಿ’. ಚಕ್ಕುಬಂದಿಯನ್ನು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ನಮ್ಮಂತೆಯೇ ಬರೆಯುತ್ತಾರೆ. ಪ್ರತಿ ದಿಕ್ಕಿನ ನೆರೆಯವರು ಗಡಿಯನ್ನು ಒಪ್ಪಿ ಸಹಿ ಮಾಡಬೇಕು.

ನಮ್ಮ ಕೆಲಸ ನಿಂತದ್ದು ಪೂರ್ವ ದಿಕ್ಕಿನಲ್ಲಿ. ಆ ಕಡೆಯ ನೆರೆಯವನು ಮಲೇಷ್ಯಾದ ಸಾಬಾದಲ್ಲಿ ತಾಳೆ ತೋಟದ ಕೂಲಿಗೆ ಹೋಗಿ ಆರು ವರ್ಷವಾಗಿತ್ತು. ಫ್ಲೋರೆಸ್‌ನ ಹಳ್ಳಿಗಳಲ್ಲಿ ಇಂಥ ಗಂಡಸರು ಬಹಳ, ಮನೆಗೊಬ್ಬರಾದರೂ ಹೊರಗೆ ದುಡಿಯುತ್ತಿರುತ್ತಾರೆ, ಕೊಲ್ಲಿಗೆ ಹೋದ ನಮ್ಮ ಕರಾವಳಿಯವರ ಹಾಗೆ. ಅವನ ಹೆಂಡತಿ ಸಹಿ ಮಾಡಲು ಸಿದ್ಧಳಿದ್ದಳು, ಆದರೆ ಹೆಣ್ಣಿನ ಸಹಿಗೆ ಅವನ ಅಣ್ಣತಮ್ಮಂದಿರು ಒಪ್ಪಲಿಲ್ಲ. ಅವಳೂ ಹೊರಗಿನಿಂದ ಬಂದವಳೇ ಅಲ್ಲವೇ. ನಾವು ಜಗಳಕ್ಕೆ ಹೋಗದೆ ಕಾದೆವು. 2018ರ ಆಗಸ್ಟಿನಲ್ಲಿ, ತೀರಿಕೊಂಡ ಅವನ ತಂದೆಯ ಕೊನೆಯ ವಿಧಿಯಾದ ‘ಕೆಲಾಸ್’ಗೆ ಅವನು ಬಂದ. ಸತ್ತವರನ್ನು ಹಿರಿಯರ ಸಾಲಿಗೆ ಸೇರಿಸುವ ಆ ವಿಧಿಗೆ ಬಾರದಿರುವಂತಿಲ್ಲ. ವಿಧಿ ಮುಗಿದ ಮರುದಿನ ಅವನು ತಾನಾಗಿಯೇ ನಮ್ಮ ಜಾಗಕ್ಕೆ ಬಂದು, ಗಡಿಯುದ್ದಕ್ಕೂ ನಡೆದು, ಒಂದು ಕಡೆ ನಿಂತು ಕಾಲಿನಿಂದ ಮಣ್ಣು ಕೆದಕಿದ. ಒಂದು ಗೇಣು ಆಳದಲ್ಲಿ ಹಳೆಯ ಕಲ್ಲು ಸಿಕ್ಕಿತು, ನಾವು ಗಡಿಯೆಂದುಕೊಂಡಿದ್ದಕ್ಕಿಂತ ಎರಡು ಅಡಿ ನಮ್ಮ ಕಡೆಗೇ. ಮಾವನವರು ಕಲ್ಲನ್ನು ನೋಡಿ, ಹೌದು, ಇದು ನನ್ನಪ್ಪ ಇಟ್ಟದ್ದು ಎಂದರು. ಎರಡು ಅಡಿ ಹಿಂದೆ ಸರಿದೆವು. ಅವನು ಸಹಿ ಮಾಡಿದ.

ಅಕ್ಟೋಬರಿನಲ್ಲಿ ಅರ್ಜಿ ಕೊಟ್ಟೆವು. ಅಳತೆಗೆ 2019ರ ಮಾರ್ಚ್ ಎರಡನೆಯ ವಾರದ ದಿನ ಸಿಕ್ಕಿತು. ಅಳತೆಯ ಹೊತ್ತಿಗೆ ಅರ್ಜಿದಾರಳು ಸ್ಥಳದಲ್ಲಿದ್ದು ಗಡಿ ತೋರಿಸಬೇಕು. ನಾವು ಲಬುವಾನ್ ಬಾಜೊದಲ್ಲಿ ಇಳಿದಾಗ ಮಳೆ ಹಿಡಿದಿತ್ತು. ಮಾರ್ಚ್ 7ರಂದು ಪಶ್ಚಿಮ ಮಂಗರಾಯ್‌ನಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿತ್ತು, ಜನ ಸತ್ತರು, ರುತೆಂಗ್ ಹೆದ್ದಾರಿ ಹಲವು ಕಡೆ ಮುಚ್ಚಿಹೋಯಿತು. ಬೇರೆ ದಾರಿಯಿಲ್ಲ. ನಮ್ಮ ವಸತಿಗೃಹದ ತುಂಬ ಅತ್ತ ಹೋಗಲಾರದ, ಇತ್ತ ಮರಳಲು ಮನಸ್ಸಿಲ್ಲದ ಜನ. ರುತೆಂಗ್‌ನ ಆಸ್ಪತ್ರೆಯಲ್ಲಿದ್ದ ಮಗುವಿನ ಸುದ್ದಿಗಾಗಿ ಫೋನು ಹಿಡಿದು ಕುಳಿತಿದ್ದ ಒಬ್ಬ ತಂದೆಯ ಮುಂದೆ ನಮ್ಮ ಅಳತೆಯ ಚಿಂತೆಯನ್ನು ಬಾಯಿಬಿಟ್ಟು ಹೇಳಲೂ ನನಗೆ ಮನಸ್ಸಾಗಲಿಲ್ಲ. ರಜೆ ಮುಗಿದು ನಾವು ಬಾಲಿಗೆ ಹಿಂದಿರುಗಿದೆವು.

ಏಪ್ರಿಲ್ ಕೊನೆಯಲ್ಲಿ ಅಳತೆಯಾಯಿತು. ಅಳತೆಗೆ ಬಂದ ಯುವಕ ಮಂಗರಾಯ್‌ನವನೇ ಆದ್ದರಿಂದ ಮೊದಲು ಮೇಲಕ್ಕೆ ಹತ್ತಿ ಲೊದೊಕ್‌ನ ಗೂಟವಿದ್ದ ಜಾಗ ಕೇಳಿದ. ಗೂಟ ಕೊಳೆತು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ತುವಾ ತೆನೊ ಕಾಫಿ ಗಿಡಗಳ ನಡುವೆ ಒಂದು ಜಾಗದಲ್ಲಿ ತಮ್ಮ ಹಿಮ್ಮಡಿ ಊರಿ ನಿಂತರು. ಯುವಕ ಯಂತ್ರವನ್ನು ಕೆಳಗೆ ಹಿಡಿದು ನಮ್ಮ ನೆಲದ ಎರಡು ಗಡಿಗಳನ್ನು ಅಳೆದು, ಅವು ಮೇಲೆ ಎಲ್ಲಿ ಕೂಡುತ್ತವೆ ಎಂದು ಲೆಕ್ಕ ಹಾಕಿದ. ಮುದುಕರ ಹಿಮ್ಮಡಿಗೂ ಆ ಬಿಂದುವಿಗೂ ಒಂದು ಮಾರು ಕೂಡ ಅಂತರವಿರಲಿಲ್ಲ. ಅವನು ಯಂತ್ರ ಕೆಳಗಿಟ್ಟು ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡ.

ಆಮೇಲೆ ಅರವತ್ತು ದಿನದ ಪ್ರಕಟಣೆ. ಹೆಂಡತಿಯ ಹೆಸರಿದ್ದ ಹಾಳೆಯನ್ನು ಗ್ರಾಮ ಕಚೇರಿಯ ಹಲಗೆಗೆ ಅಂಟಿಸಿದ್ದರು. ಅಂಟಿಸಿದ ವಾರದಲ್ಲೇ ಊರಿನ ಬೇರೆ ಇಬ್ಬರು ಹೆಣ್ಣುಮಕ್ಕಳು ಬಂದು ಅದನ್ನು ಓದಿ ಹೋದರೆಂದು ಅತ್ತಿಗೆ ಹೇಳಿದಳು. ತಕರಾರು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಹಸಿರು ರಟ್ಟಿನ ಪತ್ರ ಕೈಗೆ ಬಂತು, ಒಡೆತನದ ಜಾಗದಲ್ಲಿ ಅವಳೊಬ್ಬಳದೇ ಹೆಸರು.

ಕ್ರಿಸ್ಮಸ್ಸಿಗೆ ಅದನ್ನು ಊರಿಗೆ ಒಯ್ದೆವು. ಪೊರೆಯಿಂದ ಮಾವನವರ ಕಣ್ಣು ಆಗಲೇ ಮಸುಕಾಗಿತ್ತು. ಹೆಸರನ್ನು ಗಟ್ಟಿಯಾಗಿ ಓದು ಎಂದು ಮಗಳಿಗೆ ಹೇಳಿ, ಎರಡು ಸಲ ಓದಿಸಿಕೊಂಡು, ಪತ್ರವನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೊಂಗ್ಕೆ ಪಂಚೆಯ ಮಡಿಕೆಯಲ್ಲಿಟ್ಟು, ಪೆಟ್ಟಿಗೆಯ ತಳದಲ್ಲಿ ಇರಿಸಿದರು. ಹೊರಗೆ ಮಳೆ ಸ್ವಲ್ಪ ಬಿಟ್ಟಿತ್ತು. ಗೋಡೆಯ ಬದಿಯಲ್ಲಿ ಅವರು ಮೂರು ತಿಂಗಳಿಂದ ನೀರು ಹಾಕಿ ಸಾಕಿದ್ದ ಕಾಫಿ ಸಸಿಗಳ ಬುಟ್ಟಿಯನ್ನು ಮಾವನವರು ನನ್ನ ಕಡೆ ತಳ್ಳಿ, ಪೂರ್ವದ ಕಲ್ಲಿನಿಂದ ಒಂದು ಮಾರು ಬಿಟ್ಟು ಗುಂಡಿ ತೋಡು, ಕತ್ತಲಾಗುವುದರೊಳಗೆ ಎಲ್ಲವನ್ನೂ ನೆಟ್ಟುಬಿಡೋಣ ಎಂದು ಎದ್ದರು.